ಹುಲ್ಲು ಉಳಿಸಿದ ನೀರು

ಆಗಸ್ಟ್ 4

ಮಳೆ ನಿಂತು ಇವತ್ತಿಗೆ ಆರು ದಿನ. ಬಸ್ಸಿನಲ್ಲಿ ಎಲ್ಲರೂ ಆಕಾಶ ನೋಡಿ ಬಯ್ಯುತ್ತಿದ್ದರು. ನಾನೊಬ್ಬಳು ಕಿಟಕಿ ಪಕ್ಕ ಕೂತು ಒಳಗೊಳಗೇ ಖುಷಿಪಡುತ್ತಿದ್ದೆ. ಬಾಯಿ ಬಿಟ್ಟಿದ್ದರೆ ನಡುದಾರಿಯಲ್ಲೇ ಇಳಿಸಿಬಿಡುತ್ತಿದ್ದರು.

ನಮ್ಮ ಹುಲ್ಲಿನ ಅಳತೆಗೆ ಬೇಕಾದದ್ದು ಇಂಥ ಒಣ ದಿನಗಳೇ. ಮುಂದೆ ಪಿಎಚ್‌.ಡಿ. ಸಂದರ್ಶನದಲ್ಲಿ ನನ್ನ ಇಂಗ್ಲಿಷ್ ತಡವರಿಸುತ್ತದೆ, ಗೊತ್ತು. ಅದಕ್ಕೇ ಮೊದಲು ಕನ್ನಡದಲ್ಲಿ ನನಗೆ ನಾನೇ ಹೇಳಿಕೊಳ್ಳುತ್ತೇನೆ. ತಾಳಗುಂದದ ಹೊರಗೆ ಬೇಲಿ ಹಾಕಿದ ಎರಡೆಕರೆ ಹುಲ್ಲುಗಾವಲು. ಅದರಲ್ಲಿ ಆರು ಗೂಡು. ನಮ್ಮ ಸರ್ ಅವನ್ನು ಚೇಂಬರ್ ಅನ್ನುತ್ತಾರೆ, ನಾನು ಗೂಡು ಅನ್ನುತ್ತೇನೆ. ಗಾಜಿನ ಹಾಗೆ ಕಾಣುವ ಪ್ಲಾಸ್ಟಿಕ್ ಗೋಡೆ, ಆಳೆತ್ತರ, ಒಂದು ಬಾಗಿಲು, ಮೇಲೆ ಸೂರಿಲ್ಲ. ಒಳಗೆ ಬೆಳೆಯುವುದು ಹೊರಗಿರುವ ಕರಡದ ಹುಲ್ಲೇ. ಮೂರು ಗೂಡುಗಳಿಗೆ ಹಗಲಿಡೀ ಸಿಲಿಂಡರಿನಿಂದ ಇಂಗಾಲದ ಡೈಆಕ್ಸೈಡ್ ಬಿಡುತ್ತೇವೆ, ಇನ್ನು ಐವತ್ತು ವರ್ಷಕ್ಕೆ ಗಾಳಿ ಹೇಗಿರಬಹುದೋ ಹಾಗೆ. ಉಳಿದ ಮೂರಕ್ಕೆ ಬರೀ ಇವತ್ತಿನ ಗಾಳಿ. ಯಾವ ಹುಲ್ಲು ಎಷ್ಟು ನೀರು ಕುಡಿಯಿತು ಎಂದು ಅಳೆದು ಬರೆಯುವುದು ನನ್ನ ಕೆಲಸ. ಎರಡು ವರ್ಷ ಮುಗಿದಿದೆ. ಈ ಮೂರನೆಯ ವರ್ಷವೂ ಕೆಡದೆ ಮುಗಿದರೆ ಜನವರಿಯಲ್ಲಿ ನನಗೆ ಪಿಎಚ್‌.ಡಿ. ಸೀಟು ಎಂದು ಈ ಪ್ರಯೋಗ ನಡೆಸುವ ಚಂದ್ರಶೇಖರ್ ಸರ್ ಮಾತು ಕೊಟ್ಟಿದ್ದಾರೆ.

ದೇವರೇ, ಇನ್ನೊಂದು ಇಪ್ಪತ್ತು ದಿನ ಮಳೆ ಕೊಡಬೇಡ. ಬರೆದ ಮೇಲೆ ನಾಚಿಕೆಯಾಯಿತು. ಆದರೂ ಹೊಡೆದುಹಾಕುವುದಿಲ್ಲ.

ಆಗಸ್ಟ್ 7

ಎಲೆಗೆ ಬಾಯಿ ಇದೆ, ಸಾವಿರಾರು. ಬರಿಗಣ್ಣಿಗೆ ಕಾಣುವುದಿಲ್ಲ. ಎಲೆಯ ಅಡಿಗೆ ಬಣ್ಣವಿಲ್ಲದ ನೇಲ್ ಪಾಲಿಷ್ ಹಚ್ಚಿ, ಒಣಗಿದ ಮೇಲೆ ಸೆಲ್ಲೋಟೇಪಿನಲ್ಲಿ ಕಿತ್ತು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಸಾಲುಸಾಲಾಗಿ ಅಚ್ಚು ಮೂಡಿರುತ್ತದೆ. ಗಾಳಿ ಉಣ್ಣಬೇಕಾದರೆ ಎಲೆ ಬಾಯಿ ತೆರೆಯಬೇಕು, ತೆರೆದರೆ ಒಳಗಿನ ನೀರು ಆವಿಯಾಗಿ ಹೋಗುತ್ತದೆ. ಗಾಳಿಯಲ್ಲಿ ಇಂಗಾಲ ಹೆಚ್ಚಿದ್ದರೆ ಚೂರು ತೆರೆದರೂ ಸಾಕು. ನೀರು ಉಳಿಯುತ್ತದೆ. ಮಧ್ಯಾಹ್ನ ಮೂರರ ತನಕ ಎಣಿಸಿದೆ. ಎದ್ದು ಹೊರಗೆ ಬಂದಾಗ ಕಾವಲಿನ ಲೋಕಪ್ಪ ಏನೋ ಕೇಳಿದನಂತೆ, ನಾನು ಉತ್ತರ ಕೊಡದೆ ಅವನ ಬಾಯಿಯನ್ನೇ ನೋಡುತ್ತಾ ನಿಂತಿದ್ದೆನಂತೆ. ಪಾಪ, ಹೆದರಿ ಚಹಾ ಮಾಡಿಕೊಟ್ಟ.

ಶಿಕಾರಿಪುರದ ರೂಮಿಗೆ ಬಂದರೆ ಮನೆಯೊಡತಿ ರಾಜೇಶ್ವರಮ್ಮನವರ ವಿಚಾರಣೆ.

“ಅಲ್ಲಮ್ಮಾ ಜ್ಯೋತಿಲಕ್ಷ್ಮಿ, ತಿಂಗಳಿಗೆ ನಾಲ್ಕು ಶೀಶೆ ನೇಲ್ ಪಾಲಿಷ್ ತರ್ತೀಯ. ಉಗುರು ನೋಡಿದ್ರೆ ಬೋಳು. ಯಾರಿಗೆ ಹಚ್ತೀಯ ಅದನ್ನ?”

“ಹುಲ್ಲಿಗೆ ರೀ ಅಮ್ಮಾ.”

“ಹೇಳೋಕೆ ಇಷ್ಟ ಇಲ್ಲ ಅಂದ್ರೆ ಬಿಡು” ಅಂದರು.

ಸಂಜೆ ಅಪ್ಪ ಬಂದಿದ್ದ. ಅವ್ವ ಕೊಟ್ಟ ರೊಟ್ಟಿ, ಶೇಂಗಾ ಚಟ್ನಿ ಹಿಡಿದುಕೊಂಡು ಉಡುತಡಿಯಿಂದ ಬಂದವನು ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಗೇಟಿನ ಹೊರಗೇ ನಿಂತಿದ್ದ. ರಾಜೇಶ್ವರಮ್ಮ ಯಾರಪ್ಪಾ ಎಂದು ಕೇಳಿದ್ದಕ್ಕೆ “ನಾನು ಮೇಡಮ್ಮೋರ ಹೊಲದ ಕಡೆಯೋನು ರೀ” ಅಂದ. ಎರಡು ವರ್ಷದ ಹಿಂದೆ ರೂಮು ಕೇಳಲು ಬಂದಾಗ, ಊರಲ್ಲಿ ಜಮೀನಿದೆ ಎಂದಷ್ಟೇ ನಾನು ಹೇಳಿದ್ದು. ಕುರಿಯ ಮಾತು ಎತ್ತಿರಲಿಲ್ಲ. ಹೀಗೆ ಹೇಳು ಎಂದು ಅಪ್ಪನಿಗೆ ನಾನೇನೂ ಕಲಿಸಿಕೊಟ್ಟಿಲ್ಲ. ಅವನೇ ಅರ್ಥ ಮಾಡಿಕೊಂಡು ಅವತ್ತಿನಿಂದ ಹಾಗೇ ಹೇಳುತ್ತಾನೆ. ಒಳ್ಳೆಯದೇ ಆಯಿತು. ಎಲ್ಲರಿಗೂ ಎಲ್ಲವನ್ನೂ ವಿವರಿಸುತ್ತಾ ಕೂರಲು ನನಗೆ ಪುರುಸೊತ್ತಿಲ್ಲ.

ರೊಟ್ಟಿಯಲ್ಲೂ ಕುರಿಯ ವಾಸನೆ ಇತ್ತು, ಅಥವಾ ನನಗೆ ಹಾಗನ್ನಿಸಿತು. ಅರ್ಧ ತಿಂದು ಇಟ್ಟೆ.

ಆಗಸ್ಟ್ 8

ಮೋಡ ಬಂತು. ಕೆಲಸ ಬಿಟ್ಟು ಅದನ್ನೇ ನೋಡುತ್ತಾ ನಿಂತೆ. ಹೋಯಿತು.

ಆಗಸ್ಟ್ 13

ಇವತ್ತಿನ ದಿನವನ್ನು ಹೇಗೆ ಬರೆಯಲಿ?

ಮಣ್ಣಿಗೆ ಮೀಟರಿನ ಕಡ್ಡಿ ಇಳಿಸಿ ತೇವ ನೋಡಿದೆ. ಹೊರಗಿನ ನೆಲ ಒಣಗಿದೆ. ಬರೀ ಗಾಳಿಯ ಮೂರು ಗೂಡೂ ಒಣಗಿವೆ, ಹುಲ್ಲು ತುದಿಯಿಂದ ಹಳದಿಗೆ ತಿರುಗಿದೆ. ಗ್ಯಾಸಿನ ಮೂರು ಗೂಡಿನಲ್ಲಿ ಮಾತ್ರ ಒಂದು ಗೇಣು ಕೆಳಗೆ ಮಣ್ಣು ಇನ್ನೂ ತಂಪು, ಮೇಲೆ ಹಸಿರು. ಹುಲ್ಲು ಕುಡಿಯದೆ ಉಳಿಸಿದ ನೀರು ಅದು. ಎರಡು ವರ್ಷ ಮಳೆ ಬಿಡುವೇ ಕೊಡದೆ ಇಷ್ಟು ಸ್ಪಷ್ಟವಾಗಿ ಕಂಡಿರಲಿಲ್ಲ.

ಬರೆದುಕೊಂಡು ಆಮೇಲೆ ಸುಮ್ಮನೆ ಅಲ್ಲೇ, ಗೂಡಿನೊಳಗೇ ಕೂತೆ. ಸಿಲಿಂಡರಿನ ಸಣ್ಣ ಸುಯ್ ಸದ್ದು. ತಲೆಯ ಮೇಲೆ ದುಂಡಗೆ ಆಕಾಶ, ಅದರಲ್ಲಿ ಒಂದು ಬಿಳಿ ಮೋಡ ಹೊರಡಲು ಮನಸ್ಸಿಲ್ಲದೆ ನಿಂತಿತ್ತು. ನಾನು ಕೂತಿದ್ದುದು ಐವತ್ತು ವರ್ಷ ಮುಂದಿನ ಗಾಳಿಯಲ್ಲಿ. ಆಗ ನನಗೆ ಎಪ್ಪತ್ತೇಳು. ಯಾರಿರುತ್ತಾರೆ, ಯಾರಿರುವುದಿಲ್ಲ ಎಂದು ಒಬ್ಬೊಬ್ಬರನ್ನೇ ನೆನೆಯುತ್ತಾ ಹೋದೆ. ಗೋಡೆಯ ಆಚೆ ಈಗಿನ ಕಾಲದ ಹುಲ್ಲು ಬಿಸಿಲಲ್ಲಿ ತೂಗುತ್ತಿತ್ತು. ಕಣ್ಣು ಕೂರುತ್ತಾ ಬಂದು, ಮಣ್ಣಿನ ಅಡಿಯಲ್ಲಿ ಆ ನೀರು ಮಲಗಿರುವುದು ಅಂಗಾಲಿಗೆ ತಿಳಿಯುವಂತಾಯಿತು. ಎಷ್ಟು ಹೊತ್ತು ಹಾಗಿದ್ದೆನೋ, ಗೋಡೆಯ ಮೇಲೆ ಒಂದು ನೆರಳು ಬಿತ್ತು. ಅಪ್ಪ. ಬೇಲಿ ಆಚೆ ಕುರಿ ಬಿಟ್ಟು, ಲೋಕಪ್ಪ ಊಟಕ್ಕೆ ಹೋದದ್ದು ನೋಡಿಕೊಂಡು ಒಳಗೆ ಬಂದಿದ್ದ.

ಒಂದು ಎಸಳು ಕಿತ್ತು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದ.

“ನೋಡಕೆ ಹಸ್ರೈತೆ ಜೋತಿ. ಬಾಯಾಗೆ ಸಪ್ಪಗೈತೆ. ಸತ್ವ ಇಲ್ಲ. ಇದ್ನ ಹೊಟ್ಟೆ ತುಂಬ ತಿಂದ್ರೂ ಕುರಿ ಸೊರಗ್ತಾವೆ.”

ಹೋದ ವರ್ಷ ಇದೇ ಹುಲ್ಲನ್ನು ಪ್ರಯೋಗಾಲಯಕ್ಕೆ ಕಳಿಸಿ, ಎರಡು ತಿಂಗಳು ಕಾದು, ಪ್ರೋಟೀನ್ ಕಡಿಮೆ ಎಂಬ ಉತ್ತರ ತರಿಸಿಕೊಂಡಿದ್ದೆವು. ಅಪ್ಪ ಅರ್ಧ ನಿಮಿಷದಲ್ಲಿ ಹೇಳಿದ. ನನಗೆ ಮೆಚ್ಚುಗೆ ಆಗಬೇಕಿತ್ತು, ಸಿಟ್ಟು ಬಂತು. ಯಾಕೆಂದು ಗೊತ್ತಿಲ್ಲ.

ಆಗಸ್ಟ್ 16

ಹೊರಗೆ ಮೇವಿಲ್ಲ. ತಾಯಿಕುರಿಗಳ ಹಾಲು ಇಂಗಿ ಮರಿಗಳು ಅರಚುತ್ತಿವೆ ಎಂದು ಅವ್ವ ಫೋನಿನಲ್ಲಿ ಅತ್ತಳು. ನಮ್ಮ ಬೇಲಿಯ ಒಳಗೆ ಬದುವಿನುದ್ದಕ್ಕೂ ಹುಲ್ಲಿದೆ. ಅದು ಅಳತೆಗೆ ಬರುವುದಿಲ್ಲ, ಲೋಕಪ್ಪ ಕೊಯ್ದು ಎಸೆಯುತ್ತಾನೆ. ಅವನು ನಾಳೆಯಿಂದ ಮೂರು ದಿನ ತಂಗಿಯ ಮನೆಗೆ ಹೋಗುತ್ತಾನೆ. ಅಪ್ಪನನ್ನು ಬಸ್ ಸ್ಟ್ಯಾಂಡಿಗೆ ಕರೆಸಿ ಇನ್ನೊಂದು ಕೀಲಿ ಕೊಟ್ಟೆ.

“ಬದುವಿನ ಹುಲ್ಲು ಮಾತ್ರ ಮೇಯಿಸ್ಕೊ. ಗೂಡಿನ ಹುಲ್ಲಿಗೆ ಒಂದು ಕುರಿನೂ ಬಾಯಿ ಹಾಕಬಾರದು.”

“ಹಾಕಗೊಡಲ್ಲ. ಆದ್ರೆ ಪುಕ್ಕಟೆ ಮೇಯಿಸಿದ್ರೆ ಋಣ ಆಗ್ತೈತಲ್ಲ ಮಗಾ.”

“ಹುಲ್ಲಿಗೆಂಥ ಋಣ ಅಪ್ಪಾ” ಎಂದು ನಕ್ಕೆ. ಅವನು ನಗಲಿಲ್ಲ.

ಸರ್‌ಗೆ ಹೇಳಿಲ್ಲ. ಹೇಳುವಂಥದ್ದು ಏನಿದೆ ಇದರಲ್ಲಿ?

ಆಗಸ್ಟ್ 19

ಎರಡು ದಿನ ರೂಮಿನಲ್ಲೇ ಲೆಕ್ಕ ಬರೆಯುತ್ತಾ ಉಳಿದಿದ್ದೆ, ಇವತ್ತು ಮೊದಲ ಬಸ್ಸಿಗೆ ಹೋದೆ. ತಾಳಗುಂದದಲ್ಲಿ ಇಳಿದಾಗ ಮಂಜು. ಬೇಲಿಯ ಹತ್ತಿರ ಬಂದರೂ ಏನೂ ಕಾಣುತ್ತಿರಲಿಲ್ಲ, ಬರೀ ಬೆಚ್ಚನೆಯ ಒಂದು ವಾಸನೆ. ಹುಟ್ಟಿದಾಗಿನಿಂದ ಗೊತ್ತಿರುವ ವಾಸನೆ.

ಗೂಡುಗಳ ಗೋಡೆ ಒಳಗಿನಿಂದ ಬೆಳ್ಳಗೆ ಆವಿಗಟ್ಟಿತ್ತು. ಕೈಯಿಂದ ಒರೆಸಿದೆ, ಒರೆಸಿದ್ದು ಹೊರಗಿನಿಂದ, ಹೋಗಲಿಲ್ಲ. ಬಾಗಿಲು ತೆರೆದೆ. ಐವತ್ತು ವರ್ಷ ಮುಂದಿನ ಹುಲ್ಲಿನ ಮೇಲೆ ಮೂರು ಮರಿಗಳು ಒಂದರ ಮೇಲೊಂದು ತಲೆಯಿಟ್ಟು ಮಲಗಿದ್ದವು. ಒಂದು ಕಣ್ಣು ಬಿಟ್ಟು ನನ್ನನ್ನು ನೋಡಿ ಮತ್ತೆ ಮುಚ್ಚಿತು. ಎರಡನೆಯ ಗೂಡಿನಲ್ಲಿ ಮೂರು. ಮೂರನೆಯದರಲ್ಲಿ ಮೂರು. ಆರಕ್ಕೆ ಆರೂ ಹಾಗೇ. ಗೂಡುಗಳ ನಡುವೆ ಬಲೆ ಕಟ್ಟಿ ದೊಡ್ಡ ಕುರಿಗಳು. ಕನಸು ಎಂದುಕೊಂಡೆ, ನಿಜವಾಗಿಯೂ. ಕನಸಲ್ಲವೆಂದು ತಿಳಿದದ್ದು ಚಪ್ಪಲಿಯಡಿ ಹಿಕ್ಕೆ ಒಡೆದಾಗ.

ಅಪ್ಪ ಕಂಬಳಿಯಿಂದ ಎದ್ದು ಬಂದ. ಮುಖದಲ್ಲಿ ಹಬ್ಬ.

“ಒಂದು ಎಸಳು ಮುಟ್ಟಕೆ ಬಿಟ್ಟಿಲ್ಲ ನೋಡು. ಮರಿ ಬಾಯಿಗೆಲ್ಲ ಕುಕ್ಕೆ ಕಟ್ಟೀನಿ. ಎರಡು ರಾತ್ರಿ ಆತು. ಇನ್ನು ನಿನ್ ಹುಲ್ಲಿಗೆ ಸತ್ವ ಬರ್ತೈತೆ.”

ನಮ್ಮವರಲ್ಲಿ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಹೊಲದ ಯಜಮಾನರು ಹುಡುಕಿಕೊಂಡು ಬಂದು, ಕಾಳು ಅಳೆದು ಕೊಟ್ಟು, ರಾತ್ರಿ ಮಂದೆ ನಿಲ್ಲಿಸಿಕೊಳ್ಳುತ್ತಾರೆ. ಕುರಿ ಮಲಗಿದ ನೆಲ, ಹಿಕ್ಕೆ ಗಂಜಲ ಕುಡಿದು ಎರಡು ವರ್ಷ ಚೆನ್ನಾಗಿ ಬೆಳೆಯುತ್ತದೆ. ಅದನ್ನು ಅಪ್ಪ ಮಗಳ ಹುಲ್ಲಿಗೆ ಪುಕ್ಕಟೆ ಕೊಟ್ಟಿದ್ದ. ಬಾಯಿ ಹಾಕಬಾರದು ಎಂದಿದ್ದೆ, ಹಾಕಿಸಿರಲಿಲ್ಲ. ಗೊಬ್ಬರ ಬೀಳಬಾರದು ಎಂದು ಹೇಳಿರಲಿಲ್ಲ. ಮೂರು ವರ್ಷದಿಂದ ಆ ನೆಲಕ್ಕೆ ಒಂದು ಹಿಡಿ ಗೊಬ್ಬರ ಬಿದ್ದಿಲ್ಲ, ಅದೇ ಈ ಇಡೀ ಲೆಕ್ಕದ ತಳಪಾಯ ಎಂದು ಊರಿಗೆಲ್ಲ ವಿವರಿಸುವ ನಾನು ಅಪ್ಪನಿಗೆ ಹೇಳಿರಲಿಲ್ಲ.

ಬಯ್ಯಲು ಬಾಯಿ ತೆರೆದೆ. ಆಗಲಿಲ್ಲ. “ಆಯ್ತು ಅಪ್ಪಾ, ಕುರಿ ಹೊಡ್ಕೊಂಡು ಹೋಗು” ಎಂದೆ. ಹಗಲಿಡೀ ಗುಡಿಸಿದೆ. ಗುಡಿಸಿದರೆ ಹಿಕ್ಕೆ ಹೋಗುತ್ತದೆ, ಇಂಗಿದ್ದು ಎಲ್ಲಿ ಹೋಗುತ್ತದೆ?

ಆಗಸ್ಟ್ 20

ಗೂಡಿನ ಗಾಳಿಯನ್ನು ಯಂತ್ರ ಹತ್ತು ನಿಮಿಷಕ್ಕೊಮ್ಮೆ ತಾನೇ ಬರೆದಿಡುತ್ತದೆ. ಇವತ್ತು ತೆಗೆದು ನೋಡಿದೆ. ಹದಿನೇಳು ಮತ್ತು ಹದಿನೆಂಟರ ರಾತ್ರಿ ಆರೂ ಗೂಡುಗಳಲ್ಲಿ ಇಂಗಾಲದ ಗೆರೆ ಸಣ್ಣಗೆ ಉಬ್ಬಿದೆ. ಸಿಲಿಂಡರು ಬಂದ್ ಆಗಿದ್ದ ಹೊತ್ತು. ಅದು ಮರಿಗಳ ಉಸಿರು.

ಎಷ್ಟೋ ಹೊತ್ತು ಆ ಉಬ್ಬನ್ನೇ ನೋಡಿದೆ. ಏರುತ್ತದೆ, ಸ್ವಲ್ಪ ಇಳಿಯುತ್ತದೆ, ಮತ್ತೆ ಏರುತ್ತದೆ. ನಡುರಾತ್ರಿಯ ಬಳಿಕ ಒಂದೇ ಸಮ. ಆಗ ಗಾಢ ನಿದ್ದೆ ಬಂದಿರಬೇಕು. ಮೂರು ವರ್ಷದಲ್ಲಿ ಈ ಯಂತ್ರ ಬರೆದದ್ದರಲ್ಲಿ ಇದರಷ್ಟು ಚಂದದ್ದು ನಾನು ನೋಡಿಲ್ಲ.

ಅಳಿಸಬಹುದು. ಸರ್ ನೋಡುವುದು ಹಗಲಿನ ಸರಾಸರಿ ಮಾತ್ರ. ಎರಡು ರಾತ್ರಿ ಕರೆಂಟ್ ಇರಲಿಲ್ಲ ಎಂದರೆ ಮುಗಿಯಿತು. ಹುಲ್ಲು ದಪ್ಪಗೆ ಬೆಳೆದರೆ ಏನೋ ಒಂದು ಹೇಳಬಹುದು. ಸೀಟು ಉಳಿಯುತ್ತದೆ.

ಆಗಸ್ಟ್ 21

ಇವತ್ತು ಏನೂ ಮಾಡಲಿಲ್ಲ. ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟು ತೆಗೆದೆ, ಮೂರು ಸಲ.

ಆಗಸ್ಟ್ 24

ಸರ್ ಮುಂಚೆ ತಿಳಿಸದೆ ಶಿವಮೊಗ್ಗದಿಂದ ಬಂದರು. ಎರಡನೆಯ ಗೂಡಿನ ಗೋಡೆಯ ಬುಡದಲ್ಲಿ ನಾನು ಗುಡಿಸದೆ ಬಿಟ್ಟ ನಾಲ್ಕು ಹಿಕ್ಕೆ. ಬಗ್ಗಿ ಎತ್ತಿ ಅಂಗೈಯಲ್ಲಿಟ್ಟು ನೋಡಿದರು. ಬೇಲಿಯಾಚೆ ಅಪ್ಪ ಕುರಿ ಕಾಯುತ್ತಿದ್ದ. ಲೋಕಪ್ಪ ಓಡಿಹೋಗಿ ಕರೆತಂದ.

“ಏನಯ್ಯಾ, ಒಳಗೆ ಕುರಿ ಬಿಟ್ಟಿದ್ದೆಯಾ?”

“ಹೌದು ರೀ ಸಾಹೇಬ್ರೆ.”

“ಬೀಗ ಹೇಗೆ ತೆಗೆದೆ?”

ಅಪ್ಪ ನನ್ನ ಕಡೆ ನೋಡಲೇ ಇಲ್ಲ. “ಕಲ್ಲಿಂದ ಮೀಟಿ ತೆಗ್ದೆ ರೀ. ಆಮೇಲೆ ಹಂಗೇ ಒತ್ತಿ ಹಾಕ್ದೆ. ಈ ಮೇಡಮ್ಮೋರಿಗೆ ಏನೂ ಗೊತ್ತಿಲ್ಲ. ಅವ್ರ ಮಖ ಇವತ್ತೇ ನೋಡಿದ್ದು ನಾನು.”

ಅಪ್ಪನಿಗೆ ಸುಳ್ಳು ಹೇಳಲು ಬರುವುದಿಲ್ಲ. ಇದನ್ನು ಮಾತ್ರ ಸಲೀಸಾಗಿ ಹೇಳಿದ. ಎರಡು ವರ್ಷ ಅಭ್ಯಾಸ ಮಾಡಿಸಿದವಳು ನಾನೇ. ಸರ್ ಫೋನು ತೆಗೆದು, ಪೊಲೀಸ್ ಕಂಪ್ಲೇಂಟ್ ಕೊಡಬೇಕು, ಇವನ ಹೆಸರು ಬರೆದುಕೊಳ್ಳಿ ಎಂದರು. ನಾನು ಪೆನ್ನು ತೆಗೆದೆ. ನಿಜ ಬರೆಯುತ್ತೇನೆ, ಇದು ನನಗಾಗಿ ಬರೆಯುವ ಪುಸ್ತಕ: ಪೆನ್ನು ತೆಗೆದೆ. ಹಾಳೆಯ ಮೇಲೆ ಸಣ್ಣಬೀರಪ್ಪ ಎಂದು ಬರೆದೂಬಿಟ್ಟೆ. ಕೇಳದೆಯೇ. ಸರ್ ಕೂಡಲೇ ಗಮನಿಸಿದರು.

“ಹೆಸರು ನಿಮಗೆ ಹೇಗೆ ಗೊತ್ತು?”

“ನಮ್ಮಪ್ಪ ಸರ್. ಕೀಲಿ ಕೊಟ್ಟವಳು ನಾನು.”

ಗಾಳಿ ಇರಲಿಲ್ಲ. ಹುಲ್ಲು ಅಲ್ಲಾಡದೆ ನಿಂತಿತ್ತು. ಉಳಿದದ್ದನ್ನೂ ಹೇಳಿದೆ, ಎರಡು ರಾತ್ರಿ, ಎಂಬತ್ತು ಕುರಿ, ಹದಿನೆಂಟು ಮರಿ, ಯಂತ್ರದ ಉಬ್ಬು, ಅಳಿಸಲು ಹೊರಟದ್ದು. ಸರ್ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. “ಮೂರನೆಯ ವರ್ಷ ಹೋಯಿತು ಜ್ಯೋತಿ. ಸೀಟಿನ ಮಾತು ಮರೆತುಬಿಡಿ. ನಿಮ್ಮ ಗುತ್ತಿಗೆ ಕೆಲಸ ಮುಗಿಯುವ ತನಕ ಅಳೆಯುತ್ತಿರಿ. ಹಾಳಾದದ್ದನ್ನೂ ಅಳೆಯಬೇಕು” ಎಂದು ಕಾರು ಹತ್ತಿದರು. ಕಂಪ್ಲೇಂಟ್ ಕೊಡಲಿಲ್ಲ.

ಅಪ್ಪ ಕುರಿಗಳ ಕಡೆ ಹೋದ. ಅವನ ಹಿಂದೆ ಹೋಗಲು ನನಗೆ ಧೈರ್ಯವಾಗಲಿಲ್ಲ.

ಆಗಸ್ಟ್ 25

ಮಳೆ. ಬೆಳಗಿನಿಂದ ಬಿಡದೆ ಸುರಿಯುತ್ತಿದೆ. ಸದ್ಯ, ಮರಿಗಳಿಗೆ ಮೇವಾಯಿತು.

ಆಗಸ್ಟ್ 27

ರಾಜೇಶ್ವರಮ್ಮನವರಿಗೆ ಹೇಳಿಬಿಟ್ಟೆ. ಅಡುಗೆಮನೆಯ ಬಾಗಿಲಲ್ಲಿ ನಿಂತು, ನಮ್ಮದು ಕುರಿ ಸಾಕುವ ಮನೆ, ರೊಟ್ಟಿ ತರುವವರು ನಮ್ಮಪ್ಪ ಎಂದೆ. ಅವರು ಒಗ್ಗರಣೆಯ ಸೌಟು ಕೂಡ ಕೆಳಗಿಡಲಿಲ್ಲ.

“ಮೊದಲ ತಿಂಗಳೇ ಗೊತ್ತಾಯ್ತಮ್ಮ. ನಿಮ್ಮಪ್ಪಂದೂ ನಿಂದೂ ಒಂದೇ ಮೂಗು. ನೀನೇ ಹೇಳ್ತೀಯ ಅಂತ ನಾನು ಸುಮ್ನಿದ್ದೆ. ಪಾಪ, ಆ ಮನುಷ್ಯ ಬಂದಾಗೆಲ್ಲ ಒಳಗೆ ಬನ್ನಿ ಅನ್ನೋಕೆ ಬಾಯಿಗೆ ಬರೋದು. ಅಂದ್ರೆ ನಿಂಗೆ ಅವಮಾನ ಆಗುತ್ತೆ ಅಂತ ನುಂಗ್ಕೊಳ್ತಿದ್ದೆ.”

ರೂಮಿಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ. ಎರಡು ವರ್ಷ ಅಪ್ಪ ಬಿಸಿಲಲ್ಲಿ ಗೇಟಿನ ಹೊರಗೆ ನಿಂತಿದ್ದು ಯಾರಿಗೂ ಬೇಕಾಗಿರಲಿಲ್ಲ. ಯಾರಿಗೂ.

ಸೆಪ್ಟೆಂಬರ್ 19

ಮೂರು ವಾರದಿಂದ ಬರೆದಿಲ್ಲ. ಬರೀ ಅಳತೆ.

ಮಳೆ ಮತ್ತೆ ಬಿಡುವು ಕೊಟ್ಟು ಎಂಟು ದಿನವಾಯಿತು. ಕುರಿ ಮಲಗಿದ ಹುಲ್ಲು ಏಳುತ್ತಿದೆ. ಎಲ್ಲ ಗೂಡಲ್ಲೂ ಬೆಳೆದಿದೆ, ಗ್ಯಾಸಿನ ಗೂಡುಗಳಲ್ಲಂತೂ ನನ್ನ ಎದೆ ಮುಟ್ಟುತ್ತದೆ, ಬಾಗಿಲು ತೆರೆದರೆ ಹೊರಗೆ ಬೀಳುತ್ತದೆ. ಇವತ್ತು ಮಣ್ಣಿಗೆ ಕಡ್ಡಿ ಇಳಿಸಿದೆ. ತಂಪಿಲ್ಲ. ಉಳಿದ ನೀರು ಎಲ್ಲಿ? ಆರೂ ಗೂಡು ಒಂದೇ ಸಮ ಒಣಗಿವೆ. ಗ್ಯಾಸಿನ ಗೂಡಿನ ಎಲೆಯ ಅಚ್ಚು ತೆಗೆದೆ. ಒಂದೊಂದು ಬಾಯಿಯೂ ಮೊದಲಿನಂತೆ ಚೂರೇ ತೆರೆದಿದೆ. ಎಲೆಗಳೇ ಎರಡರಷ್ಟಾಗಿವೆ, ಅಷ್ಟೂ ಸೇರಿ ಕುಡಿದುಬಿಟ್ಟಿವೆ.

ಅಪ್ಪನಿಗೆ ಹೇಳಿದೆ. ಈಗ ದಿನಾ ಮಧ್ಯಾಹ್ನ ಲೋಕಪ್ಪನ ಗುಡಿಸಲಲ್ಲಿ ಮೂವರೂ ಒಟ್ಟಿಗೆ ಉಣ್ಣುತ್ತೇವೆ, ಅವ್ವ ಮೂವರಿಗೂ ಸಾಕಾಗುವಷ್ಟು ರೊಟ್ಟಿ ಕಳಿಸುತ್ತಾಳೆ.

“ಅದ್ರಾಗೇನೈತೆ. ಉಪವಾಸ ಇದ್ದೋರಿಗೆ ನೀರು ಕಮ್ಮಿ ಸಾಕು. ಹೊಟ್ಟೆ ತುಂಬ ಉಂಡೋರಿಗೆ ಬಾಯಾರಿಕೆ ಆಗದಂಗೆ ಇರ್ತೈತಾ?” ಅಂದ.

ಸರ್‌ಗೆ ಫೋನು ಮಾಡಿದೆ. “ಎರಡು ರಾತ್ರಿಯ ಗೊಬ್ಬರ, ಅದೂ ಅಳತೆಯಿಲ್ಲದ್ದು. ಇದನ್ನ ಯಾರೂ ಫಲಿತಾಂಶ ಅನ್ನಲ್ಲ” ಎಂದರು. ಫೋನಿಡುವ ಮುಂಚೆ, “ಆದರೂ ನೀಟಾಗಿ ಬರೆದಿಡಿ” ಎಂದರು. ಬರೆದಿಟ್ಟೆ, ಅಪ್ಪನ ಮಾತು ಸಮೇತ.

ಸೆಪ್ಟೆಂಬರ್ 30

ಕೀಲಿ, ಸೂಕ್ಷ್ಮದರ್ಶಕ, ಪುಸ್ತಕಗಳನ್ನು ಒಪ್ಪಿಸಿದೆ. ಸಿಲಿಂಡರು ನಿಲ್ಲಿಸಿದಾಗ ಗೂಡಿನೊಳಗೆ ಎಷ್ಟೊಂದು ನಿಶ್ಶಬ್ದ.

ಡಿಸೆಂಬರ್ 6, ಕುಪ್ಪಗಡ್ಡೆ

ಸೊರಬದ ಕಡೆ ಭತ್ತದ ಕೊಯ್ಲು ಮುಗಿದಿದೆ. ಇಲ್ಲಿ ಶಿವರಾಮ ಎಂಬವರ ಗದ್ದೆಯಲ್ಲಿ ಹತ್ತು ದಿನ ಮಂದೆ ನಿಲ್ಲಿಸಲು ಕರೆದಿದ್ದಾರೆ. ಅಪ್ಪನ ಮಂಡಿ ಹಿಡಿದುಕೊಂಡಿದೆ, ಕೆಲಸವಿಲ್ಲದವಳು ನಾನು, ಜೊತೆಗೆ ಬಂದೆ. ಮೂರು ದಿನದ ನಡಿಗೆ. ಬೇರೆ ಕಡೆ ಮೂರು ಸೀಟಿಗೆ ಅರ್ಜಿ ಹಾಕಿದ್ದೇನೆ, ಉತ್ತರ ಬಂದಿಲ್ಲ. ಇಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ಗದ್ದೆಯ ಏರಿ ಹತ್ತಿದರೆ ಮಾತ್ರ.

ಶಿವರಾಮರ ಹೆಂಡತಿ ನನ್ನ ಬ್ಯಾಗು, ಕನ್ನಡಕ ನೋಡಿ ಯಾರು, ಎತ್ತ ಎಂದು ವಿಚಾರಿಸಿದರು. ಕುರಿಯವರ ಮಗಳು ಎಂದೆ. ಓದಿದ್ದೀರಾ ಎಂದು ಕೇಳಿದರು. ಹುಲ್ಲಿನ ಬಗ್ಗೆ ಸ್ವಲ್ಪ ಎಂದೆ. ಒಳ್ಳೆಯ ಬೆಲ್ಲದ ಕಾಫಿ ಕೊಟ್ಟರು.

ಇಲ್ಲಿ ಹುಲ್ಲುಗಾವಲಿಗೆ ಬ್ಯಾಣ ಅನ್ನುತ್ತಾರೆ, ಮಧ್ಯಾಹ್ನ ಅದರ ಅಂಚಿನಲ್ಲಿ ಕುರಿ ಬಿಟ್ಟುಕೊಂಡು ಇಬ್ಬರೂ ಕೂತಿದ್ದೆವು. ಬಿಸಿಲು ಜೇನಿನ ಬಣ್ಣಕ್ಕೆ ಬಂದಿತ್ತು. ಮೂರು ತಿಂಗಳಿಂದ ಗಂಟಲಲ್ಲಿ ಇಟ್ಟುಕೊಂಡಿದ್ದನ್ನು ಇವತ್ತು ಕೇಳಿದೆ.

“ಅಪ್ಪಾ, ಅಷ್ಟು ದಿನ ಗೇಟಿನ ಹೊರಗೆ ನಿಲ್ಸಿದ್ನಲ್ಲ, ನಿಂಗೆ ಬ್ಯಾಸರ ಆಗ್ಲಿಲ್ವಾ?”

ಅವನು ಕಂಬಳಿಯ ಅಂಚಿನ ಮುಳ್ಳು ಒಂದೊಂದೇ ಕೀಳುತ್ತಿದ್ದ. ಕೀಳುತ್ತಲೇ ಹೇಳಿದ.

“ಅದಕ್ಕೆಂಥ ಬ್ಯಾಸರ. ಒಂದೇ ದಿನ ಆಗಿದ್ದು. ಸಾಹೇಬ್ರ ಮುಂದೆ ನಮ್ಮಪ್ಪ ಅಂದ್ಯಲ್ಲ, ಅವತ್ತು. ನನ್ ಮಗಳ ಕೆಲ್ಸ ನನ್ನಿಂದ ಹೋತಲ್ಲ ಅಂತ.”

ಅವನ ಕೈಯಿಂದ ಕಂಬಳಿಯ ಇನ್ನೊಂದು ತುದಿ ಎಳೆದುಕೊಂಡು ನಾನೂ ಮುಳ್ಳು ಕೀಳತೊಡಗಿದೆ, ಕಣ್ಣು ತುಂಬಿ ಒಂದೂ ಸರಿಯಾಗಿ ಕಾಣುತ್ತಿರಲಿಲ್ಲ. ಮುಂದೆ ಬ್ಯಾಣದ ಹುಲ್ಲು ಎಷ್ಟು ಎತ್ತರ ನಿಂತಿತ್ತೆಂದರೆ ಕುರಿಗಳ ಬೆನ್ನು ಮಾತ್ರ ಅಲ್ಲಲ್ಲಿ ತೇಲುತ್ತಿತ್ತು. “ಹಂಗೆ ಜಗ್ಗಬ್ಯಾಡ, ಉಣ್ಣೆ ಹರೀತೈತೆ” ಎಂದು ಅಪ್ಪ ನನ್ನ ಬೆರಳು ಹಿಡಿದು ಹೇಗೆ ಕೀಳಬೇಕೆಂದು ತೋರಿಸಿದ.